ಮನೆಗೂ ಊರಿಗೂ ಸಲ್ಲುವ ದಾದಿ

ದಾದಿಯೊಬ್ಬಳು ಮನೆಯನ್ನೂ ಊರನ್ನೂ ಒಟ್ಟಿಗೆ ನೋಡಿಕೊಂಡಳೆಂದರೆ ಆಕೆಯ ತ್ಯಾಗವನ್ನು ಹೊಗಳಿ ಸುಮ್ಮನಾಗುವುದು ರೂಢಿ. ನಿವೃತ್ತಿಯ ದಿನ ಹಾರ, ಶಾಲು, ನಾಲ್ಕು ಒಳ್ಳೆಯ ಮಾತು. ಅಲ್ಲಿಗೆ ಮೂವತ್ತು ವರ್ಷದ ದುಡಿಮೆಯ ಲೆಕ್ಕ ಮುಗಿಯುತ್ತದೆ. ತ್ಯಾಗವೇನೋ ನಿಜವೇ. ಆದರೆ ಬರೀ ಒಳ್ಳೆಯ ಮನಸ್ಸಿನ ಬಲದಿಂದ ಯಾರೂ ಮೂವತ್ತು ವರ್ಷ ರಾತ್ರಿ ಪಾಳಿ ಮಾಡಲಾರರು. ಮನೆಗೂ ಊರಿಗೂ ಸಲ್ಲುವ ಬದುಕು ದಾದಿಗೆ ಹೇಗೆ ಸಾಧ್ಯವಾಗುತ್ತದೆ, ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ವಿಚಾರಿಸಬೇಕಾಗಿದೆ.

ದಾದಿಯ ಕೆಲಸ ಮೊದಲಿಗೆ ಒಂದು ವಿದ್ಯೆ. ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಲೋಕ ದೀಪ ಹಿಡಿದ ಕರುಣಾಮಯಿಯಾಗಿ ನೆನೆಯುತ್ತದೆ. ಕ್ರಿಮಿಯನ್ ಯುದ್ಧದ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗದಿಂದ ಸಾಯುತ್ತಿದ್ದರೆಂದು ಅವರು ಅಂಕಿಅಂಶ ಹಾಕಿ ತೋರಿಸಿದ್ದು, 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರಿಗಾಗಿ ಶಾಲೆ ತೆರೆದದ್ದು ಅಷ್ಟಾಗಿ ಯಾರಿಗೂ ನೆನಪಾಗುವುದಿಲ್ಲ. ದಾದಿಯ ಕೆಲಸ ವಿದ್ಯೆಯೆಂಬುದು ಹೆರಿಗೆ ವಾರ್ಡನ್ನೇ ನೋಡಿದರೆ ತಿಳಿಯುತ್ತದೆ. ಹೆರಿಗೆಯಾದ ಮೊದಲ ದಿನ ಬಾಣಂತಿಯ ಜೀವಕ್ಕೆ ದೊಡ್ಡ ಅಪಾಯವೆಂದರೆ ರಕ್ತಸ್ರಾವ. ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಹೊಟ್ಟೆ ಮುಟ್ಟಿ ನೋಡುವುದು, ನಾಡಿ ಚುರುಕಾದದ್ದನ್ನು, ರಕ್ತದೊತ್ತಡ ಇಳಿದದ್ದನ್ನು ಗುರುತಿಸುವುದು, ತಡಮಾಡದೆ ಡಾಕ್ಟರನ್ನು ಕರೆಯುವುದು ದಾದಿಯ ಕೆಲಸ. ಡಾಕ್ಟರು ಬಂದು ಹೋಗುತ್ತಾರೆ, ಹಾಸಿಗೆಯ ಪಕ್ಕದಲ್ಲಿ ಉಳಿಯುವವಳು ಆಕೆ. ಅರ್ಧ ಗಂಟೆ ಕಣ್ಣು ತಪ್ಪಿದರೂ ಒಂದು ಮನೆ ತಾಯಿಯನ್ನು ಕಳೆದುಕೊಳ್ಳಬಹುದು. ಈ ಎಚ್ಚರವನ್ನು ಮಮತೆ ಎಂದಷ್ಟೇ ಕರೆದರೆ ಕಲಿಕೆಗೆ ಅನ್ಯಾಯ ಮಾಡಿದಂತೆ.

ಆಸ್ಪತ್ರೆಯ ಹೊರಗೆ ಈ ವಿದ್ಯೆ ಊರಿನ ಆಸ್ತಿಯಾಗುತ್ತದೆ. ಬಯಲುಸೀಮೆಯಲ್ಲಿ 5,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನರಿಗೆ ಒಂದು ಆರೋಗ್ಯ ಉಪಕೇಂದ್ರ ಇರಬೇಕೆಂಬುದು ದೇಶದ ಮಾನದಂಡ. ಅಲ್ಲಿನ ಸಹಾಯಕ ದಾದಿಗೆ (ಎ.ಎನ್.ಎಂ.) ಯಾವ ಮನೆಯ ಸೊಸೆಗೆ ಎಷ್ಟು ತಿಂಗಳು, ಯಾರ ಮಗುವಿಗೆ ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಲಸಿಕೆ ಬಾಕಿ, ಯಾವ ಅಜ್ಜ ಕ್ಷಯದ ಮಾತ್ರೆಯನ್ನು ನಡುವೆ ಬಿಟ್ಟಿದ್ದಾನೆ ಎಂಬುದೆಲ್ಲ ತಿಳಿದಿರುತ್ತದೆ. ಪಲ್ಸ್ ಪೋಲಿಯೊ ಅಭಿಯಾನ 1995ರಲ್ಲಿ ಶುರುವಾಯಿತು. ಭಾರತವಿರುವ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಸಾರಿತು. ಆ ನಡುವಿನ ವರ್ಷಗಳಲ್ಲಿ ಲಸಿಕೆಯ ಪೆಟ್ಟಿಗೆ ಹೊತ್ತು ಮನೆಮನೆಯ ಬಾಗಿಲು ತಟ್ಟಿದವರಲ್ಲಿ ಈ ದಾದಿಯರೂ ಇದ್ದರು. ಮಗುವಿಗೆ ಜ್ವರ ಬರುತ್ತದೆಂದು ಹೆದರಿದ ತಾಯಿ ಸರ್ಕಾರದ ಭಿತ್ತಿಪತ್ರ ಓದಿ ಒಪ್ಪುವವಳಲ್ಲ. ತನ್ನ ಹೆರಿಗೆಯಲ್ಲಿ ಕೈಹಿಡಿದ ಸಿಸ್ಟರ್ ಬಂದು ಹೇಳಿದರೆ ಒಪ್ಪುತ್ತಾಳೆ. ಇಂಥ ನಂಬಿಕೆ ಬೆಳೆಯಲು ವರ್ಷಗಳು ಬೇಕು. ಒಂದು ವರ್ಗಾವಣೆ ಅದನ್ನು ಒಂದೇ ದಿನದಲ್ಲಿ ಅಳಿಸುತ್ತದೆ.

ಇಂಥ ನಂಬಿಕೆ ಗಳಿಸಿದ್ದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ತರಬೇತಿ ಪಡೆದ ದಾದಿಯಲ್ಲ. ಅವರ ವಿದ್ಯೆ ಬಂದದ್ದು ಅಜ್ಜಿಯಿಂದ. ಆಸ್ಪತ್ರೆ ದೂರವಿದ್ದ ಸೀಮೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಕೇಳದೆ ಮಾಡಿಸಿದವರು, ತಾವೂ ಹಲವು ಮಕ್ಕಳನ್ನು ಹೆತ್ತು ಸಾಕಿದವರು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಂತೆ ಇಂದಿನ ದಾದಿಯರೂ ಇರಲಿ ಎಂದು ಬಯಸುವವರು ಒಂದನ್ನು ಮರೆಯುತ್ತಾರೆ. ನರಸಮ್ಮನವರ ಮನೆಯೂ ಸೇವೆಯ ನೆಲೆಯೂ ಒಂದೇ ಸೀಮೆಯಲ್ಲಿದ್ದವು. ಇಂದಿನ ಸ್ಟಾಫ್ ನರ್ಸಿನ ಗಂಡನ ಕೆಲಸ ಒಂದು ಊರಿನಲ್ಲಿ, ಮಕ್ಕಳ ಶಾಲೆ ಇನ್ನೊಂದರಲ್ಲಿ, ಆಕೆಯ ಹುದ್ದೆ ಮತ್ತೊಂದು ತಾಲ್ಲೂಕಿನಲ್ಲಿ ಇರಬಹುದು. ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದವಳಿಗೆ ನಿದ್ದೆಗಿಂತ ಮೊದಲು ಒಲೆ ಕಾಯುತ್ತಿರುತ್ತದೆ. ಅತ್ತೆಯ ಇನ್ಸುಲಿನ್, ಮಾವನ ಬಿ.ಪಿ., ನೆಂಟರಲ್ಲಿ ಯಾರಿಗೇ ಕಾಯಿಲೆಯಾದರೂ ಆಸ್ಪತ್ರೆಯ ಓಡಾಟ, ಎಲ್ಲವೂ ಆಕೆಯ ಪಾಲು. ನರ್ಸು ಮನೆಯಲ್ಲಿದ್ದಾಳೆಂಬ ಕಾರಣಕ್ಕೇ ಮನೆಯ ಉಳಿದವರು ಶುಶ್ರೂಷೆ ಕಲಿಯದೆ ಉಳಿಯುತ್ತಾರೆ. ಮನೆ ಮತ್ತು ಊರು ಒಂದಕ್ಕೊಂದು ವಿರುದ್ಧವಾಗಿ ನಿಲ್ಲುವುದು ಹುಟ್ಟಿನಿಂದ ಬಂದದ್ದಲ್ಲ. ಎರಡೂ ಕಡೆಯ ಭಾರವನ್ನು ಒಬ್ಬಳಿಗೇ ಹೊರಿಸಿದಾಗ ಮಾತ್ರ ಹಾಗಾಗುತ್ತದೆ.

ಈ ಭಾರ ಕೆಲವೊಮ್ಮೆ ಜೀವವನ್ನೇ ಕೇಳುತ್ತದೆ. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯಲ್ಲಿ ನಿಪಾ ಸೋಂಕು ಕಾಣಿಸಿಕೊಂಡಿತು. ಪೆರಾಂಬ್ರ ತಾಲ್ಲೂಕು ಆಸ್ಪತ್ರೆಯ ದಾದಿ ಲಿನಿ ಅವರು ರೋಗ ಯಾವುದೆಂದು ತಿಳಿಯುವ ಮೊದಲೇ ರೋಗಿಯ ಶುಶ್ರೂಷೆ ಮಾಡಿ ತಾವೂ ಸೋಂಕಿಗೆ ಒಳಗಾದರು. ಮೇ 21ರಂದು ತೀರಿಕೊಂಡರು. ಇಬ್ಬರು ಚಿಕ್ಕ ಮಕ್ಕಳಿದ್ದರು, ಗಂಡ ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದರು. ಲಿನಿ ಅವರದು ಕಾಯಂ ಹುದ್ದೆಯಾಗಿರಲಿಲ್ಲ. ಅವರು ತೀರಿಕೊಂಡ ಮೇಲೆ ಸರ್ಕಾರ ಕುಟುಂಬಕ್ಕೆ ನೆರವು ನೀಡಿತು, ಗಂಡನಿಗೆ ನೌಕರಿ ಕೊಟ್ಟಿತು. ಅದು ಸರಿಯಾದ ಕೆಲಸವೇ. ಆದರೆ ಬದುಕಿರುವಾಗ ಭದ್ರತೆ ಕೊಡಲಾಗದ ಸಮಾಜ ಸತ್ತ ಮೇಲೆ ಎಷ್ಟು ಗೌರವಿಸಿದರೂ ಅದು ತಡವಾದ ಗೌರವ.

ಸಂಬಳ, ರಜೆ, ಪಾಳಿ ಎಂದು ಲೆಕ್ಕ ಹಾಕಿದರೆ ಸೇವೆಯ ಮನೋಭಾವ ಬತ್ತಿಹೋಗುತ್ತದೆಂದು ವಾದಿಸುವವರಿದ್ದಾರೆ. ವಾರ್ಡಿನ ಅನುಭವ ಹಾಗೆ ಹೇಳುವುದಿಲ್ಲ. ಸಾಮಾನ್ಯ ಆಸ್ಪತ್ರೆಯಲ್ಲಿ ಐದು ಹಾಸಿಗೆಗೆ ಒಬ್ಬ ದಾದಿ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಒಬ್ಬಳೇ ಇಪ್ಪತ್ತು ಮೂವತ್ತು ಹಾಸಿಗೆ ನೋಡಬೇಕಾದಾಗ ಮೊದಲು ಕರಗುವುದು ಸಮಾಧಾನದ ಮಾತು, ಆಮೇಲೆ ಎಚ್ಚರ. ದಾದಿಯ ಗಡಸುತನವೆಂದು ರೋಗಿಗಳು ದೂರುವುದರಲ್ಲಿ ಎಷ್ಟೋ ಪಾಲು ಬರೀ ದಣಿವು. ಸುಪ್ರೀಂ ಕೋರ್ಟಿನ ಸೂಚನೆಯಂತೆ ಕೇಂದ್ರ ಸರ್ಕಾರ 2016ರಲ್ಲಿ ನೇಮಿಸಿದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆ ಸರ್ಕಾರಿ ದಾದಿಯರಷ್ಟೇ ಸಂಬಳ ಕೊಡಬೇಕೆಂದಿತು. ಅತಿ ಚಿಕ್ಕ ಆಸ್ಪತ್ರೆಯಲ್ಲೂ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗಿಳಿಯಬಾರದೆಂದಿತು. ಅದನ್ನು ಜಾರಿಗೆ ತರುವ ಹೊಣೆ ರಾಜ್ಯಗಳದು. ಊರಿನ ದಾದಿಗೆ ಶಾಲು ಹೊದಿಸುವವರು ಅದೇ ದಿನ ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ದಾದಿಯರ ಎಷ್ಟು ಹುದ್ದೆ ಖಾಲಿ ಇವೆ, ಎಷ್ಟು ಗುತ್ತಿಗೆಯ ಮೇಲಿವೆ ಎಂದು ಶಾಸಕರನ್ನು ಕೇಳಲಿ. ಮನೆಯವರು ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಮಲಗಲು ಬಿಡಲಿ.