ಆರುವ ದೀಪವನ್ನು ದೂರಬೇಡಿ, ಉಸಿರಿಲ್ಲದ ಕೋಣೆಯನ್ನು ಪ್ರಶ್ನಿಸಿ

ತುಮಕೂರು ರಸ್ತೆಯ ನಾಗಸಂದ್ರ ಮಲೆನಾಡಿಗರಿಗೆ ಅಪರಿಚಿತ ಊರಲ್ಲ. ಸಾಗರ, ತೀರ್ಥಹಳ್ಳಿಗಳಿಂದ ರಾತ್ರಿ ಹೊರಟ ಬಸ್ಸುಗಳು ಬೆಳಗಿನ ಜಾವ ಬೆಂಗಳೂರನ್ನು ಪ್ರವೇಶಿಸುವುದು ಈ ದಾರಿಯಲ್ಲಿಯೇ. ತುಂಡುಭೂಮಿಯ ಆದಾಯ ಸಾಲದೆ ಪೀಣ್ಯದ ಕಾರ್ಖಾನೆಗಳನ್ನು ಅರಸಿ ಹೋದ ನಮ್ಮ ಮಕ್ಕಳು, ದಾಸರಹಳ್ಳಿ, ಬಾಗಲಗುಂಟೆ, ನಾಗಸಂದ್ರಗಳ ಬಾಡಿಗೆ ಮನೆಗಳಲ್ಲಿ ನೆಲೆಸಿದ್ದಾರೆ. ಆದ್ದರಿಂದ ಅಲ್ಲಿನ ಬಚ್ಚಲುಮನೆಯ ಪ್ರಶ್ನೆಯನ್ನು ಈ ಪುಟಗಳಲ್ಲಿ ಎತ್ತುವುದು ಅಪ್ರಸ್ತುತವೆಂದು ಯಾರೂ ಭಾವಿಸಬಾರದು.

ಆ ಮನೆಗಳಲ್ಲಿ ಪದೇಪದೇ ಕೇಳಿಬರುವ ದೂರೊಂದಿದೆ: ಗ್ಯಾಸ್ ಗೀಸರಿನ ಜ್ವಾಲೆ ನಿಲ್ಲುವುದಿಲ್ಲ, ಹೊತ್ತಿಸಿದ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಗೀಸರ್ ಕೆಟ್ಟಿದೆ ಎಂಬುದು ಎಲ್ಲರ ತೀರ್ಮಾನ. ಅನೇಕ ಸಂದರ್ಭಗಳಲ್ಲಿ ಗೀಸರ್ ಕೆಟ್ಟಿರುವುದಿಲ್ಲ, ಅದು ತನ್ನ ಕರ್ತವ್ಯವನ್ನು ನಿರ್ವಹಿಸುತ್ತಿರುತ್ತದೆ ಎಂಬುದು ನಮ್ಮ ವಾದ.

ಮೊದಲು ಯಂತ್ರದ ಮರ್ಮವನ್ನು ತಿಳಿಯೋಣ. ಹಳೆಯ ಮಾದರಿಯ ಗೀಸರುಗಳಲ್ಲಿ ಪೈಲಟ್ ಎಂಬ ಪುಟ್ಟ ಜ್ವಾಲೆ ಸದಾ ಉರಿಯುತ್ತಿರುತ್ತದೆ. ಅದರ ಮೈಗೆ ತಾಗಿದಂತೆ ಥರ್ಮೋಕಪಲ್ ಎಂಬ ಲೋಹದ ಕಡ್ಡಿಯಿರುತ್ತದೆ. ಎರಡು ಬೇರೆ ಬೇರೆ ಲೋಹಗಳ ಬೆಸುಗೆಯನ್ನು ಕಾಯಿಸಿದಾಗ ಕೆಲವೇ ಮಿಲಿವೋಲ್ಟ್‌ಗಳಷ್ಟು ವಿದ್ಯುತ್ ಹುಟ್ಟುತ್ತದೆ. ಅನಿಲದ ಕವಾಟವನ್ನು ತೆರೆದು ಹಿಡಿಯುವ ವಿದ್ಯುತ್ಕಾಂತಕ್ಕೆ ಅಷ್ಟೇ ಸಾಕು. ಜ್ವಾಲೆ ಆರಿದರೆ ಕಡ್ಡಿ ತಣಿಯುತ್ತದೆ, ಕವಾಟ ಮುಚ್ಚಿಕೊಳ್ಳುತ್ತದೆ, ಉರಿಯದ ಅನಿಲ ಮನೆ ತುಂಬುವುದು ತಪ್ಪುತ್ತದೆ. ಈಗಿನ ಬ್ಯಾಟರಿ ಗೀಸರುಗಳಲ್ಲಿ ನಿರಂತರ ಜ್ವಾಲೆಯಿಲ್ಲ. ನಲ್ಲಿ ತಿರುಗಿಸಿದಾಗ ಕಿಡಿ ಹೊತ್ತಿ, ಇನ್ನೊಂದು ಕಡ್ಡಿ ಉರಿಯ ಇರವನ್ನು ಗುರುತಿಸುತ್ತದೆ. ವಿಧಾನ ಬೇರೆಯಾದರೂ ತತ್ವ ಒಂದೇ.

ಜ್ವಾಲೆ ಆರಲು ಸಣ್ಣಪುಟ್ಟ ಕಾರಣಗಳು ಇದ್ದೇ ಇವೆ. ಪೈಲಟ್ಟಿನ ಸೂಕ್ಷ್ಮ ರಂಧ್ರದಲ್ಲಿ ಮಸಿ, ಧೂಳು ಅಥವಾ ಜೇಡರ ಬಲೆ ಸೇರಬಹುದು. ಕಡ್ಡಿಯ ತುದಿ ಕರಿಹಿಡಿದಿರಬಹುದು ಅಥವಾ ಜ್ವಾಲೆಯಿಂದ ಪಕ್ಕಕ್ಕೆ ಸರಿದಿರಬಹುದು. ತಂತಿಯ ಜೋಡಣೆ ಸಡಿಲಗೊಂಡಿರಬಹುದು, ಸಿಲಿಂಡರ್ ಮುಗಿಯುತ್ತ ಬಂದು ಅನಿಲದ ಒತ್ತಡ ಇಳಿದಿರಬಹುದು, ಬ್ಯಾಟರಿ ಸೋತಿರಬಹುದು. ಇವೆಲ್ಲ ಬಲ್ಲ ಮೆಕ್ಯಾನಿಕ್ ಒಬ್ಬನು ಅರ್ಧ ಗಂಟೆಯಲ್ಲಿ ಸರಿಪಡಿಸುವ ದೋಷಗಳು. ಆದರೆ ಇವನ್ನೆಲ್ಲ ಸರಿಪಡಿಸಿದ ಮೇಲೆಯೂ, ಬಾಗಿಲು ತೆರೆದಾಗ ನಿಲ್ಲುವ ಜ್ವಾಲೆ ಬಾಗಿಲು ಮುಚ್ಚಿದಾಗ ಆರುತ್ತಿದ್ದರೆ, ದೋಷ ಗೀಸರಿನಲ್ಲಿಲ್ಲ, ಕೋಣೆಯಲ್ಲಿದೆ. ಉರಿಯಲು ಬೇಕಾದ ಆಮ್ಲಜನಕ ಅಲ್ಲಿ ಮುಗಿಯುತ್ತಿದೆ. ಉರಿಗೆ ಸಾಲದ ಗಾಳಿ ಮನುಷ್ಯನಿಗೆ ಸಾಲುತ್ತದೆಯೇ?

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ ಆರು ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡುವ ಗೀಸರ್ ಗಂಟೆಗೆ ಸುಮಾರು ಒಂದು ಕಿಲೋ ಅನಿಲವನ್ನು ಸುಡುತ್ತದೆ. ಒಂದು ಕಿಲೋ ಅಡುಗೆ ಅನಿಲ ಪೂರ್ಣವಾಗಿ ಉರಿಯಲು ಹನ್ನೆರಡು ಘನ ಮೀಟರಿಗೂ ಹೆಚ್ಚು ಗಾಳಿ ಬೇಕು. ಎಂದರೆ ಕಾಲು ಗಂಟೆಯ ಸ್ನಾನಕ್ಕೆ ಮೂರು ಘನ ಮೀಟರ್. ಐದಡಿ ಉದ್ದ, ನಾಲ್ಕಡಿ ಅಗಲ, ಎಂಟಡಿ ಎತ್ತರದ ಬಚ್ಚಲಿನಲ್ಲಿರುವ ಒಟ್ಟು ಗಾಳಿ ನಾಲ್ಕೂವರೆ ಘನ ಮೀಟರ್. ಮೂರರಲ್ಲಿ ಎರಡು ಪಾಲು ಗಾಳಿಯನ್ನು ಬೇಡುವ ಬೆಂಕಿಯೊಡನೆ ಚಿಲಕ ಹಾಕಿಕೊಂಡು ಮನುಷ್ಯ ನಿಂತಿರುತ್ತಾನೆ! ಗಾಳಿ ಕಡಿಮೆಯಾದಂತೆ ಉರಿ ಅಪೂರ್ಣವಾಗಿ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ವಿಷ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಬಳಿಕ ಕಾಲುಗಳಲ್ಲಿ ಬಲವಿಲ್ಲದಂತಾಗುತ್ತದೆ. ಬಾಗಿಲು ಎರಡು ಹೆಜ್ಜೆ ದೂರದಲ್ಲಿದ್ದರೂ ತಲುಪಲಾಗುವುದಿಲ್ಲ.

2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಜಾಲದಲ್ಲಿ ಯುವ ಜೋಡಿ, 2025ರ ಅಕ್ಟೋಬರ್‌ನಲ್ಲಿ ಪಿರಿಯಾಪಟ್ಟಣದಲ್ಲಿ ಸೋದರಿಯರಿಬ್ಬರು ಹೀಗೆ ಬಚ್ಚಲಿನಲ್ಲಿಯೇ ಪ್ರಾಣ ಬಿಟ್ಟರು. ಇಂಥ ಸಾವುಗಳನ್ನು ಪತ್ರಿಕೆಗಳು ‘ಅನಿಲ ಸೋರಿಕೆ’ ಎಂಬ ತಲೆಬರಹದಡಿ ವರದಿ ಮಾಡುವುದುಂಟು. ಈ ಪದವೇ ದಾರಿ ತಪ್ಪಿಸುವಂಥದು. ಸೋರುವ ಅಡುಗೆ ಅನಿಲಕ್ಕೆ ಎಚ್ಚರಿಕೆಗೆಂದೇ ಬೆರೆಸಿದ ದುರ್ವಾಸನೆಯಿದೆ. ಆದರೆ ಕೊಳವೆ ಸೋರದೆಯೂ, ಗೀಸರ್ ಹೊಸದಾಗಿದ್ದರೂ, ಕೇವಲ ಗಾಳಿಯಿಲ್ಲದ್ದರಿಂದಲೇ ಮನುಷ್ಯ ಸಾಯಬಲ್ಲ. ಸೋರಿಕೆ ಎಂದೊಡನೆ ತಪ್ಪು ಯಂತ್ರದ್ದಾಗುತ್ತದೆ. ಕಿಂಡಿಯಿಲ್ಲದ ಕೋಣೆಯನ್ನು ಕಟ್ಟಿದವನು, ಅದಕ್ಕೆ ಕಣ್ಣುಮುಚ್ಚಿದ ವ್ಯವಸ್ಥೆ, ಎರಡೂ ಪಾರಾಗುತ್ತವೆ.

ಇದಕ್ಕಿಂತಲೂ ಘೋರವಾದದ್ದು, ಆರುವ ಜ್ವಾಲೆಯನ್ನು ಆರದಂತೆ ಮಾಡುವ ‘ಜಾಣತನ’. ಸಂವೇದಕದ ತಂತಿಯನ್ನು ನೇರವಾಗಿ ಜೋಡಿಸಿ, ಕವಾಟ ಮುಚ್ಚದಂತೆ ಕಟ್ಟಿ, ‘ಇನ್ನು ತೊಂದರೆಯಿಲ್ಲ’ ಎಂದು ಹೇಳುವವರಿದ್ದಾರೆ. ಇದು ರಿಪೇರಿಯಲ್ಲ. ಕೂಗಿ ಎಚ್ಚರಿಸುವ ಕಾವಲುಗಾರನ ಬಾಯಿಗೆ ಬಟ್ಟೆ ತುರುಕುವ ಕೆಲಸ.

ಹಾಗಾದರೆ ಬಾಡಿಗೆದಾರನೇಕೆ ಇಂಥ ಅಪಾಯವನ್ನು ತಲೆಯ ಮೇಲೆ ತೂಗುಹಾಕಿಕೊಳ್ಳುತ್ತಾನೆ? ಅವನಿಗೆ ಬೇರೆ ದಾರಿಯನ್ನು ಬಿಟ್ಟಿಲ್ಲವಾದ್ದರಿಂದ. ಇಪ್ಪತ್ತು ಮೂವತ್ತರ ನಿವೇಶನದಲ್ಲಿ ನಾಲ್ಕು ಅಂತಸ್ತು ಎದ್ದಿರುತ್ತದೆ. ಪಕ್ಕದ ಗೋಡೆಗೆ ಗೋಡೆ ತಾಗಿರುತ್ತದೆ. ಕಿಟಕಿಯಿಟ್ಟರೂ ಗಾಳಿ ಬರುವ ಜಾಗವಿಲ್ಲ. ಕರ್ನಾಟಕದಲ್ಲಿ 2007ರಿಂದ ಹೊಸ ಕಟ್ಟಡಗಳಿಗೆ ಸೌರ ಜಲತಾಪಕ ಕಡ್ಡಾಯವೆಂಬ ನಿಯಮ ಬಂದಿತು. ದೇಶಕ್ಕೇ ಮಾದರಿಯಾಗಬಲ್ಲ ನಿಯಮವದು. ಆದರೆ ನಗರದ ವಾಸದ ಮನೆಗಳ ಮಟ್ಟಿಗೆ ಅದು ಹಿಡಿದದ್ದು 1,200 ಚದರ ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನಗಳನ್ನು. ಇಪ್ಪತ್ತು ಮೂವತ್ತು ಎಂದರೆ 600 ಚದರ ಅಡಿ. ಎಲ್ಲಿ ಜನ ಅತ್ಯಂತ ಒತ್ತೊತ್ತಾಗಿ ಬದುಕುತ್ತಾರೋ ಅಲ್ಲಿಯೇ ಕಾನೂನು ಬಾಗಿಲಾಚೆ ನಿಂತಿತು. ಸೌರ ತಾಪಕವಿರುವ ಕಟ್ಟಡಗಳಲ್ಲಿಯೂ ಅದರ ಬಿಸಿನೀರು ಮಾಲೀಕನ ಮನೆಗಷ್ಟೇ ಹರಿದು, ಬಾಡಿಗೆಯವರ ಪಾಲಿಗೆ ಚಾವಣಿಯ ಮೇಲಿನ ಅಲಂಕಾರವಾಗಿ ಉಳಿಯುವುದುಂಟು.

ಇಷ್ಟು ಹೇಳಿದೊಡನೆ ಎದುರಾಗುವ ಉತ್ತರ: ‘ಗ್ಯಾಸ್ ಬೇಡವಾದರೆ ಕರೆಂಟ್ ಗೀಸರ್ ಹಾಕಲಿ.’ ಈ ಉತ್ತರವನ್ನು ಕಣಿವೆಯ ಜನರಾದ ನಾವು ಸುಮ್ಮನೆ ಒಪ್ಪಲಾರೆವು. ಒಂದು ಸಾಧಾರಣ ವಿದ್ಯುತ್ ಗೀಸರ್ ಎರಡು ಕಿಲೋವ್ಯಾಟ್ ಎಳೆಯುತ್ತದೆ. ಬೆಳಗಿನ ಒಂದೇ ಹೊತ್ತಿನಲ್ಲಿ ಹತ್ತು ಲಕ್ಷ ಗೀಸರ್‌ಗಳು ಹೊತ್ತಿಕೊಂಡರೆ ಬೇಡಿಕೆ 2,000 ಮೆಗಾವ್ಯಾಟ್. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ನೆಲೆಯಾದ ಕಾಡಿನ ಒಡಲಲ್ಲಿ ಸುರಂಗ ಕೊರೆದು ಕಟ್ಟಬೇಕೆಂದು ಪ್ರಸ್ತಾಪಿಸಿದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಸಾಮರ್ಥ್ಯವೂ 2,000 ಮೆಗಾವ್ಯಾಟ್! ಅದು ಹೊಸದಾಗಿ ವಿದ್ಯುತ್ತನ್ನು ಹುಟ್ಟಿಸುವ ಯೋಜನೆಯಲ್ಲ. ಬೇಡಿಕೆಯಿಲ್ಲದ ಹೊತ್ತಿನಲ್ಲಿ ನೀರನ್ನು ಮೇಲೆತ್ತಿ, ಬೇಡಿಕೆಯ ಹೊತ್ತಿನಲ್ಲಿ ಕೆಳಕ್ಕೆ ಬಿಡುವ, ಕೊಡುವುದಕ್ಕಿಂತ ಹೆಚ್ಚನ್ನು ತಿನ್ನುವ ವ್ಯವಸ್ಥೆ. 1964ರಲ್ಲಿ ಲಿಂಗನಮಕ್ಕಿಗಾಗಿ ಊರುಗಳನ್ನು ಮುಳುಗಿಸಿದಾಗ ನಾಡಿನ ಬೆಳಕಿಗೆ ಎಂದರು. 2019ರಲ್ಲಿ ಶರಾವತಿಯ ನೀರನ್ನೇ ಬೆಂಗಳೂರಿಗೆ ಒಯ್ಯುವ ಮಾತೆದ್ದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿ ಉತ್ತರ ಕೊಟ್ಟಿತು. ಇನ್ನು ನಗರದ ಮುಂಜಾವಿನ ಸ್ನಾನಕ್ಕಾಗಿ ಇನ್ನೊಂದು ಕಣಿವೆ ಬಲಿಯಾಗಬೇಕೆ? ಹತ್ತಿರದ ಚಾವಣಿಯ ಮೇಲೆ ಪುಕ್ಕಟೆಯಾಗಿ ಸುರಿಯುವ ಬಿಸಿಲನ್ನು ಬಿಟ್ಟು ನಾನೂರು ಕಿಲೋಮೀಟರ್ ದೂರದ ಕಾಡಿಗೆ ಕೈಚಾಚುವುದನ್ನು ಅಭಿವೃದ್ಧಿ ಎನ್ನುವುದಾದರೆ, ಆ ಪದಕ್ಕೆ ಅರ್ಥವಾದರೂ ಏನು?

ಮಲೆನಾಡು ಈ ವಿಷಯದಲ್ಲಿ ಪರಿಶುದ್ಧವೆಂದೇನೂ ನಾವು ಹೇಳುತ್ತಿಲ್ಲ. ದಿನವಿಡೀ ಹಂಡೆಯಡಿ ಉರಿಯುವ ಬಚ್ಚಲ ಒಲೆ ಸೊಪ್ಪಿನಬೆಟ್ಟವನ್ನು ತಿಂದಿದೆ, ಹೆಂಗಸರ ಕಣ್ಣನ್ನೂ ಎದೆಯನ್ನೂ ಹೊಗೆಯಿಂದ ತುಂಬಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ಕಡಿಮೆ ಸೌದೆಯ ಒಲೆಯನ್ನು ರೂಪಿಸಿಕೊಟ್ಟರೂ ಅದು ಎಲ್ಲ ಮನೆಗಳಿಗೆ ಇಳಿಯಲಿಲ್ಲ. ಆದರೂ ಹೆಂಚಿನ ಸಂದಿನಿಂದ ಉಸಿರಾಡುತ್ತಿದ್ದ ಆ ಬಚ್ಚಲಿನಲ್ಲಿ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಹೊರಹೋಗಲು ದಾರಿಯಿತ್ತು. ಈಗ ನಮ್ಮೂರುಗಳಲ್ಲಿಯೂ ತಾರಸಿಯ ಮುಚ್ಚು ಬಚ್ಚಲು ಬಂದಿದೆ, ಅದರ ಬೆನ್ನಿಗೆ ಗ್ಯಾಸ್ ಗೀಸರೂ ಬಂದಿದೆ. ನಾಗಸಂದ್ರದ ಪಾಠ ನಾಳೆ ನಮ್ಮ ಅಂಗಳದ್ದು.

ಆದ್ದರಿಂದ ನಮ್ಮ ಒತ್ತಾಯಗಳು ಇವು. ಸೌರ ತಾಪಕದ ನಿಯಮಕ್ಕೆ ನಿವೇಶನದ ಅಳತೆಯಲ್ಲ, ಕಟ್ಟಡದಲ್ಲಿರುವ ಮನೆಗಳ ಸಂಖ್ಯೆ ಆಧಾರವಾಗಲಿ, ಬಿಸಿನೀರು ಪ್ರತಿ ಬಾಡಿಗೆ ಮನೆಗೂ ಹರಿಯಲಿ. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಅಳವಡಿಸುವುದನ್ನು ಸ್ಪಷ್ಟವಾಗಿ ನಿಷೇಧಿಸಿ, ಅದನ್ನು ಮಾರುವ ಅಂಗಡಿಯೇ ಹೊರಗಿನ ತೆರೆದ ಜಾಗದಲ್ಲಿ ಜೋಡಿಸಿಕೊಡುವ ಹೊಣೆ ಹೊರಲಿ. ಗಾಳಿಕಿಂಡಿಯಿಲ್ಲದ ಬಚ್ಚಲಿನ ಮನೆಯನ್ನು ಬಾಡಿಗೆಗೆ ಕೊಡುವುದು ಅಪರಾಧವಾಗಲಿ.

ಸರ್ಕಾರ ಕಣ್ತೆರೆಯುವವರೆಗೆ ನಗರದಲ್ಲಿರುವ ನಿಮ್ಮ ಮಕ್ಕಳಿಗೆ ಇಷ್ಟನ್ನಾದರೂ ತಿಳಿಸಿ. ಗೀಸರ್ ಬಚ್ಚಲಿನ ಹೊರಗಿರಬೇಕು. ಒಳಗೇ ಇದ್ದರೆ, ಬಾಗಿಲು ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿಸಿ, ಉರಿಯನ್ನೂ ರೆಗ್ಯುಲೇಟರನ್ನೂ ಬಂದ್ ಮಾಡಿ, ಗಾಳಿಯಾಡಿದ ಮೇಲೆಯೇ ಸ್ನಾನಕ್ಕೆ ಇಳಿಯಬೇಕು. ಗಾಳಿ ಒಳಬರುವ ದಾರಿಯಿಲ್ಲದೆ ಎಕ್ಸಾಸ್ಟ್ ಫ್ಯಾನನ್ನೇ ನಂಬಬಾರದು. ಜ್ವಾಲೆ ನೀಲಿಯಿಂದ ಹಳದಿಗೆ ತಿರುಗಿದರೆ, ಗೋಡೆಗೆ ಮಸಿ ಹಿಡಿದರೆ, ತಲೆ ಭಾರವಾದರೆ ತಕ್ಷಣ ಹೊರಗೆ ಬರಬೇಕು. ಯಾರಾದರೂ ಕುಸಿದರೆ ಬಾಗಿಲು ಒಡೆದು ಬಯಲಿನ ಗಾಳಿಗೆ ಎತ್ತಿ ತಂದು, ಆಮ್ಲಜನಕ ಕೊಡಬಲ್ಲ ಆಸ್ಪತ್ರೆಗೆ ಒಯ್ಯಬೇಕು. ಜ್ವಾಲೆ ತಾನಾಗಿಯೇ ಆರಿದರೆ, ಮತ್ತೆ ಹೊತ್ತಿಸುವ ಮುನ್ನ ಅದು ಏನನ್ನು ಹೇಳುತ್ತಿದೆಯೆಂದು ಕೇಳಿಸಿಕೊಳ್ಳಬೇಕು.