ಮುಟ್ಟು ನಿಲ್ಲುವ ಕಾಲ ಮತ್ತು ಹಾರ್ಮೋನಿನ ವಂಕಿ

ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ರಜಸ್ಸೂತಕವೂ ಅವುಗಳಲ್ಲಿ ಒಂದು. ಇಷ್ಟಲಿಂಗ ಧರಿಸಿದ ಹೆಣ್ಣಿಗೆ ಮುಟ್ಟಿನ ಮೈಲಿಗೆಯಿಲ್ಲವೆಂದು ಅಂದೇ ಒಪ್ಪಿದ ಸಮಾಜ ನಮ್ಮದು. ಆದರೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ನಮ್ಮ ಎಷ್ಟೋ ಮನೆಗಳಲ್ಲಿ ಮುಟ್ಟು ನಿಲ್ಲುವ ಕಾಲದ ಸಂಕಟವನ್ನು ತಾಯಂದಿರು ಇಂದಿಗೂ ಬಾಯಿಬಿಟ್ಟು ಹೇಳಲಾರರು. ರಾತ್ರಿ ಮೈ ಕಾದು ಬೆವತು ನಿದ್ದೆಗೆಟ್ಟರೂ ‘ವಯಸ್ಸಿನ ದೋಷ’ವೆಂದು ಸುಮ್ಮನಾಗುತ್ತಾರೆ, ಇಲ್ಲವೆ ರಕ್ತಸ್ರಾವ ಹೆಚ್ಚಾದೊಡನೆ ‘ಚೀಲ ತೆಗೆಸಿಬಿಡಿ’ ಎಂಬ ಮಾತಿಗೆ ತಲೆದೂಗುತ್ತಾರೆ. ಈ ಎರಡರ ನಡುವೆ ಬೇರೆ ದಾರಿಗಳೂ ಇವೆಯೆಂಬುದನ್ನು ಈ ತಿಂಗಳು ಅರಿಯೋಣ.

ನಲವತ್ತೈದು ದಾಟಿದ ಹೆಣ್ಣಿಗೆ ಸತತ 12 ತಿಂಗಳು ಮುಟ್ಟಾಗದಿದ್ದರೆ ಅದು ನಿಂತಿತೆಂದು ಅರ್ಥ. ಆಗ ಕಡಿಮೆಯಾಗುವ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಗುಳಿಗೆ, ಪಟ್ಟಿ ಅಥವಾ ಚರ್ಮಕ್ಕೆ ಹಚ್ಚುವ ಜೆಲ್ ರೂಪದಲ್ಲಿ ಕೊಟ್ಟರೆ ಮೈ ಕಾಯುವುದು, ಬೆವರುವುದು ತಗ್ಗುತ್ತವೆ; ಎಲುಬಿಗೂ ಬಲ. ಆದರೆ ಗರ್ಭಕೋಶವಿರುವವರು ಇದೊಂದನ್ನೇ ಸೇವಿಸುತ್ತ ಹೋದರೆ ಗರ್ಭಕೋಶದ ಒಳಪದರ ದಪ್ಪವಾಗಿ, ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. 1975ರಲ್ಲಿ ಅಮೆರಿಕದ ವೈದ್ಯರು ಇದನ್ನು ಪ್ರಕಟಿಸಿದರು. ಆದ್ದರಿಂದಲೇ ಜೊತೆಗೆ ಪ್ರೊಜೆಸ್ಟೋಜನ್ ಎಂಬ ಎರಡನೆಯ ಹಾರ್ಮೋನು ಬೇಕು.

ಅದನ್ನು ಗುಳಿಗೆಯಾಗಿ ನುಂಗಬಹುದು. ಇಲ್ಲವೆ ಹಾರ್ಮೋನಿನ ವಂಕಿಯ ಮೂಲಕ ಪಡೆಯಬಹುದು. 1990ರಲ್ಲಿ ಫಿನ್‌ಲೆಂಡಿನಲ್ಲಿ ಮೊದಲು ಬಳಕೆಗೆ ಬಂದ ಈ ವಂಕಿಯಲ್ಲಿ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುತ್ತದೆ. ಅದು ಗರ್ಭಕೋಶದೊಳಗೇ ಸ್ವಲ್ಪಸ್ವಲ್ಪವಾಗಿ ಒಸರಿ ಒಳಪದರವನ್ನು ತೆಳುವಾಗಿಡುತ್ತದೆ. ನಿತ್ಯ ಗುಳಿಗೆಯ ನೆನಪು ಬೇಡ. ಮುಟ್ಟು ನಿಲ್ಲುವ ಮುನ್ನಿನ ಅತಿಸ್ರಾವವೂ ಇದರಿಂದ ಬಹಳಷ್ಟು ತಗ್ಗುವುದರಿಂದ ಅನೇಕರಿಗೆ ಶಸ್ತ್ರಚಿಕಿತ್ಸೆ ತಪ್ಪಬಹುದು. ಈ ಚಿಕಿತ್ಸೆಯಲ್ಲಿ 5 ವರ್ಷಕ್ಕೊಮ್ಮೆ ಬದಲಿಸಬೇಕು.

ಇಲ್ಲಿ ಮೂರು ಮಾತುಗಳನ್ನು ಮರೆಯಬಾರದು. ಮೊದಲನೆಯದು, ನಮಗೆಲ್ಲ ಪರಿಚಿತವಾದ ಕಾಪರ್ ಟಿ ವಂಕಿಯಲ್ಲಿ ಹಾರ್ಮೋನಿಲ್ಲ; ಅದರಿಂದ ಈ ರಕ್ಷಣೆ ದೊರೆಯದು. ಎರಡನೆಯದು, ಮೈ ಕಾಯುವುದನ್ನು ಶಮನಗೊಳಿಸುವುದು ಈಸ್ಟ್ರೋಜನ್. ವಂಕಿ ಅದರ ಕಾವಲುಗಾರ ಮಾತ್ರ. ಮೂರನೆಯದು, ಹಾಕಿಸಿದ ಮೊದಲ ಮೂರರಿಂದ ಆರು ತಿಂಗಳು ಆಗಾಗ ರಕ್ತದ ಕಲೆ ಕಾಣಬಹುದು. ಅದಕ್ಕೆ ಅಂಜಿ ತೆಗೆಸಬೇಕಿಲ್ಲ. ಗರ್ಭಕೋಶ ತೆಗೆಸಿದವರಿಗಂತೂ ಸಾಮಾನ್ಯವಾಗಿ ಈ ಎರಡನೆಯ ಹಾರ್ಮೋನೇ ಬೇಡ.

2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಸ್ತನ ಕ್ಯಾನ್ಸರಿನ ಭೀತಿ ಹುಟ್ಟಿಸಿ ಅರ್ಧಕ್ಕೆ ನಿಂತಿತು. ಆದರೆ ಅದರಲ್ಲಿದ್ದವರ ಸರಾಸರಿ ವಯಸ್ಸು 63. ಅರುವತ್ತರೊಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಆರಂಭಿಸಿದರೆ ಹೆಚ್ಚಿನ ಆರೋಗ್ಯವಂತರಿಗೆ ಲಾಭವೇ ಅಧಿಕವೆಂದು ಇಂದಿನ ವೈದ್ಯರ ಅಭಿಪ್ರಾಯ. ಸ್ತನ ಕ್ಯಾನ್ಸರ್ ಆದವರಿಗೆ ಮಾತ್ರ ಇದು ಸಲ್ಲದು. ರಕ್ತ ಹೆಪ್ಪುಗಟ್ಟಿದ್ದವರು, ಪಿತ್ತಕೋಶ, ಯಕೃತ್ತಿನ ತೊಂದರೆಯುಳ್ಳವರು ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು.

ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಬೇಕು. ‘ಮತ್ತೆ ಮುಟ್ಟಾಯಿತು’ ಎಂದು ಕಾಯುವುದು ಜೀವಕ್ಕೆ ಎರವಾದೀತು.

ಚನ್ನಮ್ಮನ ನಾಡಿನ ಹೆಣ್ಣುಮಕ್ಕಳು ಧೈರ್ಯಕ್ಕೆ ಹೆಸರಾದವರು. ವೈದ್ಯರೆದುರು ‘ಚೀಲ ತೆಗೆಸುವ ಮೊದಲು ಬೇರೆ ಉಪಾಯವಿದೆಯೇ?’ ಎಂದು ಕೇಳಲು ಸಂಕೋಚವೇಕೆ? ಮನೆಯ ಗಂಡಸರೂ ಆ ದಿನ ಜೊತೆಗೆ ಹೋಗಲಿ. ಸೂತಕವಿಲ್ಲವೆಂದ ಧರ್ಮದಲ್ಲಿ ನಾಚಿಕೆಗೂ ಎಡೆಯಿರಬಾರದು.