ಗಾಳಿಗೆ ಇಪ್ಪತ್ತೈದು ವರ್ಷದ ಬೆಲೆ, ಹೊಲಕ್ಕೆ ಒಂದೇ ದಿನದ ಬೆಲೆ!



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಎರಿಹೊಲದಲ್ಲಿ ತೊಗರಿ, ಜೋಳದ ನಡುವೆ ಗಾಳಿ ಫ್ಯಾನುಗಳು ಎದ್ದು ನಿಂತಿವೆ. ಈ ಗಾಳಿ ಹೊಸದಲ್ಲ. ನಮ್ಮ ಹಿರಿಯರು ಇದರಲ್ಲೇ ರಾಶಿ ತೂರಿದರು. ಈಗ ಅದಕ್ಕೆ ಬೆಲೆ ಬಂದಿದೆ. ಆ ಬೆಲೆಯಲ್ಲಿ ಹೊಲದವನ ಪಾಲೆಷ್ಟು? ನಾವು ಕೇಳಬೇಕಾದ ಪ್ರಶ್ನೆ ಇದು.

ಗಾಳಿ ಕರೆಂಟಿಗೆ ನಮ್ಮ ವಿರೋಧವಿಲ್ಲ. ಕಲ್ಲಿದ್ದಲಿನ ಕರೆಂಟು ಅಂದರೆ ಏನೆಂದು ಕೂಡಗಿಯ ಸುತ್ತಲಿನವರಿಗೆ ಯಾರೂ ಕಲಿಸಬೇಕಿಲ್ಲ. ಆ 2,400 ಮೆಗಾವ್ಯಾಟ್ ಸ್ಥಾವರ ಬೇಡವೆಂದ ರೈತರ ಮೇಲೆ 2014ರ ಜುಲೈನಲ್ಲಿ ಗೋಲಿಬಾರ್ ಆಯಿತು. ಗಾಳಿಗೆ ಹೊಗೆಯಿಲ್ಲ, ಬೂದಿಯಿಲ್ಲ. ಕಂಬದ ಬುಡ, ದಾರಿ ಬಿಟ್ಟು ಉಳಿದ ಹೊಲ ಬಿತ್ತಬಹುದು. ಇಷ್ಟು ಒಳ್ಳೆಯದನ್ನು ಒಪ್ಪಿಕೊಂಡೇ ಲೆಕ್ಕ ಕೇಳೋಣ.

3 ಮೆಗಾವ್ಯಾಟಿನ ಒಂದು ಫ್ಯಾನು ಹಿಡಿಯಿರಿ. ವರ್ಷಕ್ಕೆ 8,760 ತಾಸು. ಗಾಳಿ ಸದಾ ಬೀಸುವುದಿಲ್ಲ, ಆದ್ದರಿಂದ ಪೂರ್ಣ ಶಕ್ತಿಯ ನೂರಕ್ಕೆ 30 ಪಾಲು ಮಾತ್ರ ಎನ್ನೋಣ. ಆದರೂ 78 ಲಕ್ಷ ಯೂನಿಟ್ ಆಗುತ್ತದೆ. ಯೂನಿಟ್ಟಿಗೆ 3 ರೂಪಾಯಿಯಂತೆ ವರ್ಷಕ್ಕೆ 2 ಕೋಟಿ 34 ಲಕ್ಷ! ಯಂತ್ರದ ಬಂಡವಾಳ ಅವರದು, ಸಾಲದ ಬಡ್ಡಿ ಅವರದು, ಖರೆ. ಆದರೆ ಅವರ ಮಾಲಿಗೆ ಬೆಲೆಯ ಭಯವಿಲ್ಲ. ಕೇಂದ್ರದ ಹರಾಜಿನಲ್ಲಿ ಗೆದ್ದವರಿಗೆ 25 ವರ್ಷ ಒಂದೇ ದರದ ಕರಾರು. 2025ರ ಜೂನ್ 30ರೊಳಗೆ ಶುರುವಾದ ಗಾಳಿ ಯೋಜನೆಗಳಿಗೆ ಬೇರೆ ರಾಜ್ಯಕ್ಕೆ ಕರೆಂಟು ಸಾಗಿಸುವ ಶುಲ್ಕವೂ ಮಾಫಿ. ನಮ್ಮ ಉಳ್ಳಾಗಡ್ಡಿಯನ್ನು ಬೆಂಗಳೂರಿಗೆ ಸಾಗಿಸುವ ಲಾರಿ ಬಾಡಿಗೆ ಯಾರು ಮಾಫಿ ಮಾಡಿದರು? 2025-26ಕ್ಕೆ ತೊಗರಿಗೆ ಕ್ವಿಂಟಲಿಗೆ 8,000 ರೂ. ಬೆಂಬಲ ಬೆಲೆ ಸಾರಿದರು. ಆ ಬೆಲೆಗೆ ಕೊಳ್ಳಲೇಬೇಕೆಂಬ ಕಾನೂನು ಮಾಡಲಿಲ್ಲ.

ಇನ್ನು ಹೊಲದ ಮಾತು. ದಲಾಲಿ ಮೊದಲು ಹೋಗುವುದು ಯಾರ ಮನೆಗೆ? ಉತಾರದಲ್ಲಿ ಬೋಜಾ ಇದ್ದವನ ಮನೆಗೆ. ಸೊಸೈಟಿ ಸಾಲ, ಕೈಗಡ, ಮಗಳ ಮದುವೆ ಇವನ್ನೆಲ್ಲ ತಿಳಿದುಕೊಂಡೇ ಬರುತ್ತಾನೆ. ಒಬ್ಬನಿಗೆ ಒಂದು ದರ, ಬಾಂದಿನ ಆಚೆಯವನಿಗೆ ಇನ್ನೊಂದು ದರ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಲು ಅಡ್ಡಿಯಿಲ್ಲ. ಸಾಲ ತೀರುತ್ತದೆಂದು ಖರೀದಿ ಪತ್ರಕ್ಕೆ ಸಹಿ ಮಾಡಿದವನಿಗೆ ಎರಡು ವರ್ಷಕ್ಕೆ ಮತ್ತೆ ಸಾಲ. ಆಗ ಹೊಲವೂ ಇಲ್ಲ, ಗಾಳಿಯೂ ಇಲ್ಲ!

ಬೇರೆ ದಾರಿ ಇಲ್ಲವೇ? ಇದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಷ್ಟು ನೆಲದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ. ಅಲ್ಲಿ ರೈತರು ಹೊಲ ಮಾರಲಿಲ್ಲ, ಲಾವಣಿಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂ., ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಷ್ಟು ಏರಿಕೆ. ಉತಾರದಲ್ಲಿ ಹೆಸರು ರೈತನದೇ. ಅಲ್ಲಿ ಕೂಲಿಕಾರರ ಕೆಲಸ ಹೋಯಿತು, ಅದು ದೊಡ್ಡ ಕೊರತೆ. ಗಾಳಿ ಫ್ಯಾನಿನಲ್ಲಿ ಉಳುಮೆ ನಿಲ್ಲುವುದಿಲ್ಲವಾದ್ದರಿಂದ ನಾವು ಇನ್ನೂ ಒಳ್ಳೆಯ ಕರಾರು ಕೇಳಬಹುದು.

ತಂತಿಯ ಮಾತೂ ಇದೆ. 66 ಕೆವಿ ಮತ್ತು ಮೇಲಿನ ಲೈನುಗಳಿಗೆ ಕೇಂದ್ರ ಇಂಧನ ಸಚಿವಾಲಯ 2024ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಕಂಬದ ಬುಡದ ನೆಲಕ್ಕೆ ಭೂಮಿ ಬೆಲೆಯ ಎರಡು ಪಟ್ಟು, ತಂತಿಯ ಕೆಳಗಿನ ಪಟ್ಟಿಗೆ ನೂರಕ್ಕೆ 30. ಆದರೆ ಫ್ಯಾನಿನಿಂದ ಫ್ಯಾನಿಗೆ ಹೋಗುವ 33 ಕೆವಿ ತಂತಿ ಇದರೊಳಗೆ ಬರುವುದಿಲ್ಲ. ಅದರ ಪರಿಹಾರ ಕರಾರಿನಲ್ಲೇ ಬರೆಸಬೇಕು. ಗರಸಿನ ದಾರಿ ಹಾಕುವಾಗ ಒಡ್ಡು ಒಡೆದು ಮಳೆನೀರು ಹೊಲಕ್ಕೆ ನುಗ್ಗಿದರೆ ಯಾರು ಹೊಣೆ ಎಂಬುದನ್ನೂ.

ಫ್ಯಾನು ಬಂದರೆ ಪಂಪ್‌ಸೆಟ್ಟಿಗೆ ಕರೆಂಟು ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮುಂಗಾರು ಗಾಳಿಯಲ್ಲೇ ಹೆಚ್ಚು ಕರೆಂಟು ಹುಟ್ಟುತ್ತದೆ. ನಮ್ಮ ನಿಂಬೆ, ದ್ರಾಕ್ಷಿಗೆ ನೀರು ಬೇಕಾಗುವುದು ಬೇಸಿಗೆಯಲ್ಲಿ. ಹುಟ್ಟಿದ್ದು ಗ್ರಿಡ್ಡಿಗೆ ಹೋಗುತ್ತದೆ. 2023ರ ಅಕ್ಟೋಬರಿನಲ್ಲಿ, ಬರದ ನಡುವೆ, ಗಾಳಿ ಕರೆಂಟಿನಲ್ಲಿ ಮುಂದಿರುವ ಇದೇ ರಾಜ್ಯ ರೈತನಿಗೆ ದಿನಕ್ಕೆ ಐದೇ ತಾಸು ತ್ರೀ ಫೇಸ್ ಎಂದಿತು.

ಆದ್ದರಿಂದ ನಮ್ಮ ಬೇಡಿಕೆಗಳು ಇಷ್ಟು. ಹೊಲ ಮಾರಾಟ ಬೇಡ, ಲಾವಣಿ ಸಾಕು. ಲಾವಣಿಯ ಜೊತೆ ಯೂನಿಟ್ಟಿಗೆ ಐದು ಪೈಸೆ ಪಾಲು ಕೊಡಿ. 78 ಲಕ್ಷ ಯೂನಿಟ್ಟಿಗೆ ಅದು 3 ಲಕ್ಷ 90 ಸಾವಿರ, ಕಂಪನಿ ಮುಳುಗುವ ಮೊತ್ತವಲ್ಲ. ಕರಾರು ಕನ್ನಡದಲ್ಲಿರಲಿ, ಗ್ರಾಮಸಭೆಯಲ್ಲಿ ಓದಿ ಹೇಳಲಿ. ಅವಧಿ ಮುಗಿದ ಮೇಲೆ ಕಾಂಕ್ರೀಟ್ ಬುಡ ಕಿತ್ತು ಹೊಲ ಹಸನು ಮಾಡುವ ಹಣ ಮೊದಲೇ ಠೇವಣಿ ಇಡಲಿ.

ಒಬ್ಬೊಬ್ಬರೇ ಹೋದರೆ ದಲಾಲಿ ದರ ಹೇಳುತ್ತಾನೆ. ಊರೇ ಕೂತರೆ ನಾವು ಹೇಳುತ್ತೇವೆ. ದಲಾಲಿ ಬರುವ ಮೊದಲೇ ಗುಡಿಕಟ್ಟೆಯಲ್ಲಿ ಕೂಡಿರಿ. ಅಲ್ಲಿಯವರೆಗೆ ಯಾರೂ ಇಸಾರ ಹಿಡಿಯಬೇಡಿರಿ.